ಕೊಂಡಿ ಬಿಚ್ಚದೆ ಒಂದು ರಾತ್ರಿ: ಟ್ರೇಲರ್ ಅಲುಗದಂತೆ ನಿಲ್ಲಿಸುವುದು ಹೇಗೆ?

ಕಾರಿನ ಹಿಂದೆ ಕ್ಯಾರವಾನ್ ಟ್ರೇಲರ್ ಕಟ್ಟಿಕೊಂಡು ಊರೂರು ಸುತ್ತುವ ಓದುಗರಿಂದ ಈ ಬಾರಿ ಬಂದ ಪ್ರಶ್ನೆಗಳೆಲ್ಲ ಒಂದೇ ಸುತ್ತಿನವು. ದಾರಿಯಲ್ಲಿ ಒಂದೇ ರಾತ್ರಿ ತಂಗುವುದಿದ್ದರೆ ಕಾರಿನಿಂದ ಟ್ರೇಲರ್ ಬಿಚ್ಚದೆಯೇ ಮಲಗಬಹುದೇ, ಮಲಗಿದರೆ ಅದು ತೊಟ್ಟಿಲಿನಂತೆ ತೂಗದಿರಲು ಏನು ಮಾಡಬೇಕು ಎಂಬುದು ಅವರ ಚಿಂತೆ. ಒಂದೊಂದಾಗಿ ನೋಡೋಣ.

ಪ್ರಶ್ನೆ: ಶುಕ್ರವಾರ ಸಂಜೆ ಬೆಂಗಳೂರು ಬಿಟ್ಟು ತುಮಕೂರು ರಸ್ತೆ ಹಿಡಿದರೆ ಶಿರಾ ದಾಟುವ ಹೊತ್ತಿಗೆ ನಿದ್ದೆ ಎಳೆಯುತ್ತದೆ. ಬಂಕ್‌ನವರನ್ನು ಕೇಳಿ ಅಲ್ಲೇ ಮಲಗಿ ಬೆಳಗಿನ ಐದಕ್ಕೆ ಹೊರಡುತ್ತೇವೆ. ನಮ್ಮದು ಒಂದೇ ಆಕ್ಸಲ್‌ನ, ಸುಮಾರು 1,200 ಕೆ.ಜಿ. ತೂಕದ ಟ್ರೇಲರ್. ಹಿಂದಿನ ಎರಡೂ ಮೂಲೆ ಜಾಕಿಗಳನ್ನು ಬಲವಾಗಿ ಬಿಗಿ ಮಾಡುತ್ತೇನೆ. ಆದರೂ ಒಬ್ಬರು ಮಗ್ಗುಲು ಬದಲಿಸಿದರೆ ಎಲ್ಲರಿಗೂ ಎಚ್ಚರವಾಗುತ್ತದೆ. ತಪ್ಪೆಲ್ಲಿದೆ?
— ವಿಜಯನಗರದ ಓದುಗರು

ಉತ್ತರ: ನೀವು ಹಿಂದುಗಡೆ ಬಿಗಿ ಮಾಡುತ್ತಿದ್ದೀರಿ, ಅಲುಗಾಟ ಇರುವುದು ಮುಂದುಗಡೆ. ಕೊಂಡಿ ಬಿಚ್ಚದ ಟ್ರೇಲರ್ ತನ್ನ ಚಕ್ರಗಳ ಮೇಲಷ್ಟೇ ನಿಂತಿರುವುದಿಲ್ಲ, ಅದರ ಮೂತಿ, ಅಂದರೆ ಕೊಂಡಿ ಇರುವ ಮುಂತುದಿ, ಕಾರಿನ ಹಿಂದಿನ ಸ್ಪ್ರಿಂಗ್‌ಗಳ ಮೇಲೆ ಕೂತಿರುತ್ತದೆ. ಕಾರಿನ ಸ್ಪ್ರಿಂಗ್‌ಗಳು ಪ್ರಯಾಣಿಕರಿಗೆ ಕುಲುಕಾಟ ತಟ್ಟದಿರಲೆಂದೇ ಮೆತ್ತಗಿರುವಂಥವು. ಒಳಗೆ ಯಾರಾದರೂ ಮುಂದಿನ ಹಾಸಿಗೆಯಲ್ಲಿ ಹೊರಳಿದರೆ ಕಾರಿನ ಹಿಂಭಾಗ ಕುಗ್ಗಿ ಏಳುತ್ತದೆ, ಜೊತೆಗೆ ಟ್ರೇಲರೂ ಏಳುತ್ತದೆ. ಹಿಂದಿನ ಜಾಕಿಗಳನ್ನು ಬಲವಾಗಿ ಏರಿಸಿದಷ್ಟೂ ಬಾಲ ಮೇಲೆದ್ದು ಮೂತಿಯ ಮೇಲೆ ಭಾರ ಹೆಚ್ಚುತ್ತದೆ. ಕಾರು ಇನ್ನೂ ತಗ್ಗುತ್ತದೆಯೇ ಹೊರತು ಅಲುಗಾಟ ನಿಲ್ಲುವುದಿಲ್ಲ.

ಮೂತಿಯ ಭಾರದಲ್ಲಿ ಅರ್ಧದಷ್ಟನ್ನು ಕಾರಿನಿಂದ ತೆಗೆದು ಮೂತಿಯ ಜಾಕಿಗೆ ಕೊಡುವುದೇ ಇದಕ್ಕೆ ಮದ್ದು. ಅರ್ಧ ಎಂಬುದನ್ನು ಕಣ್ಣಂದಾಜಿಗೆ ಬಿಡಬೇಡಿ, ಟೇಪ್ ಹಿಡಿದು ಅಳೆಯಿರಿ. ಹೊರಡುವ ಮುನ್ನ ಮನೆಯ ಹತ್ತಿರ ಮಟ್ಟಸ ಜಾಗದಲ್ಲಿ, ಟ್ರೇಲರ್ ಕಟ್ಟದೆ, ಕಾರಿನ ಹಿಂದಿರುವ ಕೊಂಡಿಯ ಗುಂಡು, ಅಂದರೆ ಹಿಚ್ ಬಾಲ್‌ನ ನೆತ್ತಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಗುರುತಿಟ್ಟುಕೊಳ್ಳಿ. 46 ಸೆಂ.ಮೀ. ಇದೆ ಎನ್ನೋಣ. ಟ್ರೇಲರ್ ಕಟ್ಟಿದ ಮೇಲೆ ಕಪ್ಲರ್ (ಆ ಗುಂಡಿನ ಮೇಲೆ ಕೂರುವ ಟ್ರೇಲರ್ ಕಡೆಯ ಬಟ್ಟಲು) ಬಾಲ್‌ನ ನೆತ್ತಿಯನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಬಾಲ್ ಕೂತಿರುವ ಕಬ್ಬಿಣದ ಪಟ್ಟಿಯ ಎತ್ತರವನ್ನೂ ಎರಡೂ ಸಲ ಬರೆದುಕೊಂಡರೆ ಲೆಕ್ಕ ಸುಲಭ. ಕಟ್ಟಿದ ಮೇಲೆ 4 ಸೆಂ.ಮೀ. ತಗ್ಗಿತೆಂದರೆ ರಾತ್ರಿ ಮೂತಿಯ ಜಾಕಿಯಿಂದ 2 ಸೆಂ.ಮೀ. ಏರಿಸಬೇಕು. ಸ್ಪ್ರಿಂಗ್ ತಗ್ಗುವುದು ಹೆಚ್ಚುಕಡಿಮೆ ಭಾರಕ್ಕೆ ತಕ್ಕಂತೆ. ಅರ್ಧ ತಗ್ಗು ಹೋದರೆ ಅರ್ಧ ಭಾರ ಇಳಿದಂತೆ. ನಿಮ್ಮ ಟ್ರೇಲರ್‌ನ ಹತ್ತನೇ ಒಂದು ಪಾಲು ಮೂತಿಯ ಮೇಲಿದ್ದರೆ 120 ಕೆ.ಜಿ., ಅದರಲ್ಲಿ 60 ಕೆ.ಜಿ. ಜಾಕಿಗೆ ಬರುತ್ತದೆ. ಜಾಕಿಯ ಕಾಲು ಗಟ್ಟಿ ನೆಲದ ಮೇಲಿದ್ದರೆ, ಆಮೇಲೆ ಯಾರು ಓಡಾಡಿದರೂ ಆ ಹೆಚ್ಚುವರಿ ಭಾರವನ್ನು ಬಹುಮಟ್ಟಿಗೆ ಅದೇ ಹೊರುತ್ತದೆ, ಸ್ಪ್ರಿಂಗ್‌ಗೆ ಕುಣಿಯಲು ಅವಕಾಶ ಸಿಗುವುದಿಲ್ಲ. ಎರಡೂ ಅಳತೆಗಳನ್ನು ಕಾರಿನಲ್ಲಿ ಒಂದೇ ಭಾರ ಇದ್ದಾಗ ತೆಗೆಯಿರಿ. ಒಮ್ಮೆ ಜನ ಕೂತಿದ್ದಾಗ, ಇನ್ನೊಮ್ಮೆ ಇಳಿದಾಗ ಅಳೆದರೆ ಲೆಕ್ಕ ಕೆಡುತ್ತದೆ.

ಪೂರ್ತಿ ಭಾರವನ್ನೇ ಎತ್ತಿಬಿಟ್ಟರೆ ಇನ್ನೂ ಒಳ್ಳೆಯದಲ್ಲವೇ ಎಂದು ತೋರಬಹುದು. ಖಂಡಿತ ಬೇಡ. ಬಾಲ್ ಅದರ ಮೂಲ ಎತ್ತರ ದಾಟಿತೆಂದರೆ ನೀವು ಎತ್ತುತ್ತಿರುವುದು ಕಾರನ್ನು. ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಅವು ಹಗುರಾದಷ್ಟೂ ಹಿಡಿತ ಸಡಿಲವಾಗುತ್ತದೆ. ಕಾರು ಒಂದಿಂಚು ಜಾರಿದರೂ ಒಂಟಿ ಕಾಲಿನ ಜಾಕಿ ಓರೆಯಾಗುತ್ತದೆ, ಬಾಗಿದ ಮೇಲೆ ಅದು ಮತ್ತೆ ಕೆಲಸಕ್ಕೆ ಬಾರದು.

ಮೂತಿಯ ಕೆಲಸ ಮುಗಿದ ಮೇಲಷ್ಟೇ ಹಿಂದಿನ ಮೂಲೆ ಜಾಕಿಗಳಿಗೆ ಬನ್ನಿ. ಈ ಕ್ರಮ ತಪ್ಪಬಾರದು. ಬಾಲದ ಜಾಕಿ ಮೊದಲು ಊರಿ ಆಮೇಲೆ ಮೂತಿ ಏರಿಸಿದರೆ ಟ್ರೇಲರ್ ಆಕ್ಸಲ್ ಮೇಲೆ ಏತದಂತೆ ತೂಗುತ್ತದೆ. ಆಕ್ಸಲ್‌ನಿಂದ ಮೂತಿಗೆ 4 ಮೀಟರ್, ಬಾಲದ ಜಾಕಿಗೆ 2 ಮೀಟರ್ ಇದ್ದರೆ, ಮೂತಿ 2 ಸೆಂ.ಮೀ. ಏರಿದಾಗ ಬಾಲ 1 ಸೆಂ.ಮೀ. ಇಳಿದು ಜಾಕಿಗಳ ಮೇಲೆ ಕೂರುತ್ತದೆ. ಮೂಲೆ ಜಾಕಿಗಳು ಊರುಗೋಲುಗಳಿದ್ದಂತೆ, ಎತ್ತುವ ಜಾಕಿಗಳಲ್ಲ. ಕಾಲು ನೆಲಕ್ಕೆ ತಾಕುವ ತನಕ ಕೈಯಲ್ಲೇ ತಿರುಗಿಸಿ, ಆಮೇಲೆ ಅರ್ಧ ಸುತ್ತು, ಹೆಚ್ಚೆಂದರೆ ಒಂದು ಸುತ್ತು. ಅಲ್ಲಿಗೆ ನಿಲ್ಲಿಸಿ.

ಹೆಚ್ಚಾಯಿತೇ ಎಂದು ತಿಳಿಯಲು ಬಾಗಿಲನ್ನು ಕೇಳಿ. ಜಾಕಿ ಊರುವ ಮುನ್ನ ಒಮ್ಮೆ ಬಾಗಿಲು ತೆಗೆದು ಹಾಕಿ, ಊರಿದ ಮೇಲೆ ಮತ್ತೊಮ್ಮೆ. ಚಿಲಕದ ನಾಲಿಗೆ ಎದುರಿನ ತೂತಿಗೆ ಸರಾಗವಾಗಿ ಬೀಳುತ್ತಿದ್ದದ್ದು ಈಗ ಮೇಲಂಚಿಗೋ ಕೆಳಂಚಿಗೋ ಉಜ್ಜುತ್ತಿದ್ದರೆ ಚಾಸಿ ತಿರುಚಿಕೊಂಡಿದೆ ಎಂದರ್ಥ. ಕಾಲು ಸುತ್ತು ಸಡಿಲಿಸಿ ನೋಡಿ.

ಪ್ರಶ್ನೆ: ನಮ್ಮ ಟ್ರೇಲರ್‌ಗೆ ಮೂತಿಯಲ್ಲಿ ಜಾಕಿ ಇಲ್ಲ, ಪುಟ್ಟ ಜಾಕಿ ಚಕ್ರ ಇದೆ. ಅದನ್ನೇ ಇಳಿಸಿದರೆ ಸಾಕೇ? ಇನ್ನೊಂದು, ಕಾರಿನ ಹ್ಯಾಂಡ್‌ಬ್ರೇಕ್ ಹಾಕಿದ್ದರೂ ಟ್ರೇಲರ್ ಹಿಂದೆ ಮುಂದೆ ಜಗ್ಗುತ್ತದೆ, ಟಕ್ ಟಕ್ ಸದ್ದು ಬೇರೆ.
— ರಾಜಾಜಿನಗರದ ಓದುಗರು

ಉತ್ತರ: ಜಾಕಿ ಚಕ್ರ ಇರುವುದು ಬಿಚ್ಚಿದ ಟ್ರೇಲರನ್ನು ಅಂಗಳದಲ್ಲಿ ಅತ್ತಿತ್ತ ಸರಿಸಲು. ಅದರ ಪೈಪನ್ನು ಹಿಡಿದಿರುವುದು ಒಂದು ಕ್ಲ್ಯಾಂಪ್ ಅಷ್ಟೇ. ಜನ ಓಡಾಡಿದಂತೆಲ್ಲ ಪೈಪ್ ಕೂದಲೆಳೆಯಷ್ಟು ಜಾರುತ್ತಾ ಬೆಳಗಾಗುವುದರೊಳಗೆ ಭಾರವೆಲ್ಲ ಮತ್ತೆ ಕಾರಿನ ಮೇಲೆ ಬಂದಿರುತ್ತದೆ. ಪೈಪ್ ಮೇಲೆ ಕ್ಲ್ಯಾಂಪ್‌ನ ಅಂಚಿಗೆ ಸರಿಯಾಗಿ ಸೀಮೆಸುಣ್ಣದ ಗೆರೆ ಎಳೆದಿಟ್ಟು ಬೆಳಗ್ಗೆ ನೋಡಿ, ಗೊತ್ತಾಗುತ್ತದೆ.

ಮೂತಿಯ ತ್ರಿಕೋನದ ಚಾಸಿ ಕೆಳಗೆ ಹಲ್ಲಿರುವ ಜಾಕ್ ಸ್ಟ್ಯಾಂಡ್ ಇಡಿ. ಜೆ.ಸಿ. ರಸ್ತೆಯ ಆಟೋ ಬಿಡಿಭಾಗದ ಅಂಗಡಿಗಳಲ್ಲಿ ಜೋಡಿಯಾಗಿ ಸಿಗುತ್ತವೆ. ಜಾಕಿ ಚಕ್ರದಿಂದ ಬೇಕಾದಷ್ಟು ಏರಿಸಿ, ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಸ್ವಲ್ಪ ಸಡಿಲಿಸಿದರೆ ಭಾರ ಸ್ಟ್ಯಾಂಡ್ ಮೇಲೆ ಕೂರುತ್ತದೆ. ಹಲ್ಲುಗಳು ಲೆಕ್ಕಕ್ಕೆ ಕೂಡಿ ಬರದಿದ್ದರೆ ತೆಳು ಪ್ಲೈವುಡ್ ತುಂಡು ಸೇರಿಸಿ. ಎಣ್ಣೆಯಿಂದ ಕೆಲಸ ಮಾಡುವ ಬಾಟಲ್ ಜಾಕಿಯ ಮೇಲೆ ರಾತ್ರಿಯಿಡೀ ಭಾರ ಬಿಡಬೇಡಿ, ಒಳಗಿನ ಸೀಲ್ ಸ್ವಲ್ಪ ಸವೆದಿದ್ದರೂ ಮೆಲ್ಲಗೆ ಇಳಿಯುತ್ತದೆ.

ಇನ್ನು ಜಗ್ಗುವ ವಿಷಯ. ಜಾಕಿ ಚಕ್ರ ಇರುವ ಟ್ರೇಲರ್‌ಗಳಲ್ಲಿ ಸಾಮಾನ್ಯವಾಗಿ ಬರುವುದು ಓವರ್‌ರನ್ ಬ್ರೇಕ್. ಕಾರು ನಿಧಾನಿಸಿದಾಗ ಕಪ್ಲರ್‌ನ ದಂಡ ಒಳಕ್ಕೆ ಸರಿದು ಟ್ರೇಲರ್‌ನ ಬ್ರೇಕ್ ಹಿಡಿಯುತ್ತದೆ. ರಾತ್ರಿ ನಿಂತಾಗಲೂ ಅದೇ ದಂಡ ಒಳಗೆ ಹೊರಗೆ ಆಡುತ್ತದೆ. ಕಾರಿನ ಬ್ರೇಕ್ ಹಿಡಿದಿರುವುದು ಕಾರನ್ನು, ಟ್ರೇಲರನ್ನಲ್ಲ. ಹಾಗಾಗಿ ಟ್ರೇಲರ್‌ನ ಸ್ವಂತ ಹ್ಯಾಂಡ್‌ಬ್ರೇಕ್ ಲಿವರನ್ನು ಪೂರ್ತಿ ಮೇಲಕ್ಕೆ ಎಳೆಯಿರಿ, ಅರ್ಧಕ್ಕೆ ಬಿಟ್ಟರೆ ಇಲ್ಲದ ಹಾಗೆ. ರಿವರ್ಸ್‌ನಲ್ಲಿ ಬ್ರೇಕ್ ತಾನೇ ಬಿಟ್ಟುಕೊಳ್ಳುವ ಬಗೆಯದಾದರೆ, ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಮತ್ತೆ ಕಚ್ಚುವ ಮುನ್ನ ಅದು ಗೇಣಿನಷ್ಟು ಹಿಂದಕ್ಕೆ ಉರುಳಲು ನೋಡುತ್ತದೆ. ಆದ್ದರಿಂದ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಬೆಣೆ ಕೊಡಲೇಬೇಕು, ಅದೂ ಟೈರಿಗೆ ಒತ್ತಿಕೊಂಡಿರುವಂತೆ. ಎರಡು ಆಕ್ಸಲ್ ಇದ್ದರೆ ಟೈರುಗಳ ನಡುವೆ ಬಿಗಿಯುವ ತಿರುಪಿನ ಅಡೆ ಒಳ್ಳೆಯದು. ಟೈರು ತಣ್ಣಗಾದಂತೆ ಸ್ವಲ್ಪ ಕುಗ್ಗುವುದರಿಂದ ಮಲಗುವ ಮುನ್ನ ಅದನ್ನು ಇನ್ನೊಮ್ಮೆ ಬಿಗಿ ಮಾಡಿ.

ಸದ್ದು ಬರುವುದು ಬಹುಪಾಲು ಬಾಲ್ ಕೂತಿರುವ ಚೌಕ ದಂಡ ಅದರ ಕೊಳವೆಯೊಳಗೆ ಆಡುವುದರಿಂದ. ಅದನ್ನು ಅದುಮಿ ಹಿಡಿಯುವ ಯು ಬೋಲ್ಟ್ ಕ್ಲ್ಯಾಂಪ್ ಹಾಕಿಸಿದರೆ ನಿಲ್ಲುತ್ತದೆ. ಅಳತೆ ಕೊಟ್ಟರೆ ಪೀಣ್ಯದಲ್ಲಿ ಯಾವ ಫ್ಯಾಬ್ರಿಕೇಷನ್ ಶೆಡ್‌ನವರೂ ಮಾಡಿಕೊಡಬಲ್ಲರು.

ಕೊಂಡಿ ಕಳಚಿಕೊಂಡರೆ ಬ್ರೇಕ್ ಹಿಡಿಯಲೆಂದು ಇರುವ ತುರ್ತು ಕೇಬಲ್ಲನ್ನು ರಾತ್ರಿಯ ಬ್ರೇಕ್ ಆಗಿ ಎಳೆದಿಡಬೇಡಿ. ವಿದ್ಯುತ್ ಬ್ರೇಕ್ ಇರುವ ಟ್ರೇಲರ್‌ನಲ್ಲಿ ಅದು ಬ್ಯಾಟರಿಯನ್ನು ಬರಿದು ಮಾಡುತ್ತದೆ, ಬ್ಯಾಟರಿ ಮುಗಿದ ಮೇಲೆ ಬ್ರೇಕೂ ಬಿಟ್ಟುಕೊಳ್ಳುತ್ತದೆ.

ಪ್ರಶ್ನೆ: ಅಲುಗಾಟಕ್ಕಿಂತ ನಮಗೆ ಕಾಟ ಕೊಡುವುದು ಓರೆ. ಎಡಕ್ಕೆ ವಾಲಿದ ಹಾಸಿಗೆಯಲ್ಲಿ ಮಕ್ಕಳೆಲ್ಲ ಗೋಡೆಗೆ ಬಂದು ಬೀಳುತ್ತಾರೆ. ಕೊಂಡಿ ಬಿಚ್ಚದೆ ಮಟ್ಟ ಮಾಡಬಹುದೇ?
— ಜಯನಗರದ ಓದುಗರು

ಉತ್ತರ: ಮಾಡಬಹುದು. ಆದರೆ ಜಾಕಿಯಿಂದಲ್ಲ, ಹಲಗೆಯಿಂದ. ಗಾರೆ ಕೆಲಸದವರು ಬಳಸುವ 60 ಸೆಂ.ಮೀ. ರಸಮಟ್ಟವನ್ನು ಟ್ರೇಲರ್ ನೆಲದ ಮೇಲೆ ಅಡ್ಡಡ್ಡವಾಗಿ ಇಡಿ. ತಗ್ಗಿರುವ ತುದಿಯನ್ನು ಗುಳ್ಳೆ ನಡುವಿಗೆ ಬರುವ ತನಕ ಎತ್ತಿ, ಕೆಳಗಿನ ಸಂದು ಎಷ್ಟಿದೆ ನೋಡಿ. 1.5 ಸೆಂ.ಮೀ. ಇದೆ ಎನ್ನಿ. ನಿಮ್ಮ ಎಡಚಕ್ರಕ್ಕೂ ಬಲಚಕ್ರಕ್ಕೂ ನಡುವೆ 180 ಸೆಂ.ಮೀ. ಇದ್ದರೆ ಅದು 60ರ ಮೂರು ಪಟ್ಟು. ಸಂದನ್ನೂ ಮೂರರಿಂದ ಗುಣಿಸಿ: ತಗ್ಗಿನ ಬದಿಯ ಚಕ್ರ 4.5 ಸೆಂ.ಮೀ. ಏರಬೇಕು. ಅಷ್ಟು ದಪ್ಪದ ಹಲಗೆಯನ್ನು ಚಕ್ರದ ಮುಂದಿಟ್ಟು, ಒಬ್ಬರು ಪಕ್ಕದಲ್ಲಿ ನಿಂತು ಸನ್ನೆ ಮಾಡುತ್ತಿರಲು, ಕಾರನ್ನು ಮೆಲ್ಲಗೆ ಮುಂದೆ ಬಿಡಿ. ಹಲಗೆಯ ಅಂಚನ್ನು ಓರೆಯಾಗಿ ಕೊಯ್ಸಿದ್ದರೆ ಚಕ್ರ ಸುಲಭವಾಗಿ ಏರುತ್ತದೆ. ಟೈರಿನ ಅಗಲ ಪೂರ್ತಿ ಹಲಗೆಯ ಮೇಲಿರಬೇಕು, ಅಂಚಿನಿಂದ ಹೊರಚಾಚಿದರೆ ಟೈರಿನ ಒಳಪದರಗಳಿಗೆ ಪೆಟ್ಟು. ಎರಡು ಆಕ್ಸಲ್ ಇದ್ದರೆ ಆ ಬದಿಯ ಎರಡೂ ಚಕ್ರಗಳಿಗೆ ಹಲಗೆ ಕೊಡಿ.

ಹಿಂದುಮುಂದಿನ ಮಟ್ಟದಲ್ಲಿ ಮಾತ್ರ ಕೈ ಕಟ್ಟಿದಂತೆ, ಏಕೆಂದರೆ ಮೂತಿಯ ಎತ್ತರವನ್ನು ಕಾರು ನಿರ್ಧರಿಸಿಬಿಟ್ಟಿರುತ್ತದೆ. ಮೂತಿ ಎತ್ತರವಾಗಿದ್ದರೆ ಟ್ರೇಲರ್‌ನ ಎಲ್ಲ ಚಕ್ರಗಳನ್ನೂ ಒಂದೇ ದಪ್ಪದ ಹಲಗೆ ಹತ್ತಿಸಿ. ಮೂತಿ ತಗ್ಗಿದ್ದರೆ ಕಾರಿನ ಹಿಂದಿನ ಎರಡೂ ಚಕ್ರಗಳನ್ನು ಹತ್ತಿಸಿ. ಆದರೂ ಉಳಿಯುವ ಚೂರುಪಾರು ಓರೆಗೆ ತಲೆ ಎತ್ತರದ ಕಡೆ ಬರುವಂತೆ ಮಲಗಿದರೆ ಸಾಕು, ಒಂದು ರಾತ್ರಿಗೆ ಅದಕ್ಕಿಂತ ಹೆಚ್ಚು ಹೆಣಗಬೇಕಿಲ್ಲ. ಕಂಪ್ರೆಸರ್ ಇರುವ ಫ್ರಿಜ್ ಅಷ್ಟು ಓರೆಯನ್ನು ತಡೆಯುತ್ತದೆ. ಗ್ಯಾಸ್‌ನಲ್ಲಿ ನಡೆಯುವ, ಕಂಪ್ರೆಸರ್ ಇಲ್ಲದ ಫ್ರಿಜ್ ಆದರೆ ಅಡ್ಡಕ್ಕೆ 3 ಡಿಗ್ರಿ ದಾಟಿಸಬೇಡಿ. 180 ಸೆಂ.ಮೀ. ಅಗಲಕ್ಕೆ ಅದು ಸುಮಾರು 9 ಸೆಂ.ಮೀ. ಆಗುತ್ತದೆ.

ಕಾರೂ ಟ್ರೇಲರೂ ಒಂದೇ ನೇರದಲ್ಲಿ ನಿಂತಿರಲಿ. ಓರೆಯಾಗಿ ನಿಂತರೆ ಮೂತಿ ಏರಿಸುವಾಗ ಕೊಂಡಿ ಪಕ್ಕಕ್ಕೆ ತಳ್ಳಿಸಿಕೊಳ್ಳುತ್ತದೆ. ಬೆಳಗ್ಗೆ ಬೇಗ ಹೊರಡಲಿಕ್ಕೂ ಆಗುವುದಿಲ್ಲ.

ಪ್ರಶ್ನೆ: ಜಾಕಿ ಕೆಳಗೆ ಏನು ಇಡಬೇಕು? ಮನೆ ಕಟ್ಟಿಸಿದಾಗ ಉಳಿದ ಸಾಲಿಡ್ ಬ್ಲಾಕ್‌ಗಳಿವೆ.
— ಕೆಂಗೇರಿಯ ಓದುಗರು

ಉತ್ತರ: ಬ್ಲಾಕ್ ಬೇಡ. ಸಿಮೆಂಟ್ ಬ್ಲಾಕ್ ಅಗಲವಾಗಿ ಹರಡಿದ ಭಾರವನ್ನು ಹೊರುತ್ತದೆ. ಜಾಕಿಯ ಕಾಲು ಒಂದೇ ಕಡೆ ಒತ್ತಿದಾಗ ಮುನ್ಸೂಚನೆ ಕೊಡದೆ ಸೀಳುತ್ತದೆ. ಹಗುರ ಬ್ಲಾಕ್ ಆದರಂತೂ ಪುಡಿಯಾಗುತ್ತದೆ. ಮರ ಹಾಗಲ್ಲ, ಮೊದಲು ನುಗ್ಗುತ್ತದೆ, ಕರಕರ ಅನ್ನುತ್ತದೆ, ನಿಮಗೆ ಗೊತ್ತಾಗುತ್ತದೆ.

ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಲ್ಲಿ 4 ಸೆಂ.ಮೀ. ದಪ್ಪದ ಜಂಗಲ್ ವುಡ್ ಹಲಗೆಯನ್ನು 30 ಸೆಂ.ಮೀ. ಚೌಕಕ್ಕೆ ಕೊಯ್ಸಿಕೊಳ್ಳಿ. ಮೂತಿಗೆ ಎರಡು, ಪ್ರತಿ ಮೂಲೆಗೆ ಒಂದರಂತೆ ಲೆಕ್ಕ. ಅಥವಾ 18 ಮಿ.ಮೀ. ವಾಟರ್‌ಪ್ರೂಫ್ ಪ್ಲೈವುಡ್‌ನ ಎರಡು ತುಂಡು ಅಂಟಿಸಿ ಸ್ಕ್ರೂ ಹೊಡೆಸಿದರೂ ಆದೀತು. ಒಂದು ಮೂಲೆಗೆ ತೂತು ಕೊರೆದು ಹಗ್ಗ ಕಟ್ಟಿದರೆ ಕೆಸರಿನಿಂದ ಎಳೆದುಕೊಳ್ಳಲು ಅನುಕೂಲ. 30 ಸೆಂ.ಮೀ. ಏಕೆಂದರೆ, ಜಾಕಿಯ ಕಾಲು 10 ಸೆಂ.ಮೀ. ಚೌಕ ಇದ್ದರೆ ನೆಲಕ್ಕೆ ತಾಕುವುದು 100 ಚದರ ಸೆಂ.ಮೀ., ಹಲಗೆ ಇಟ್ಟರೆ 900. ಅದೇ ಭಾರ, ಒತ್ತಡ ಒಂಬತ್ತರಲ್ಲಿ ಒಂದು ಪಾಲು. ಜೊತೆಗೆ ಹಲಗೆಯ ಎತ್ತರದಿಂದ ಜಾಕಿ ಕಡಿಮೆ ಚಾಚಿದರೆ ಸಾಕು. ಜಾಕಿಯ ಕಾಲು ಗಿಡ್ಡವಿದ್ದಷ್ಟೂ ಓಲಾಟ ಕಡಿಮೆ.

ನೆಲ ನೋಡಿ ನಿಲ್ಲಿಸಿ. ಬೆಂಗಳೂರು, ಕೋಲಾರದ ಕಡೆಯ ಕೆಮ್ಮಣ್ಣು ಒಣಗಿದ್ದಾಗ ಕಲ್ಲಿನಂತಿರುತ್ತದೆ. ರಾತ್ರಿ ಮಳೆ ಬಿದ್ದರೆ ಮೇಲಿನ ಪದರ ಜಾರತೊಡಗುತ್ತದೆ. ಚಿತ್ರದುರ್ಗ ದಾಟಿ ಹುಬ್ಬಳ್ಳಿ ಕಡೆ ಹೋದಂತೆ ಸಿಗುವ ಎರೆಮಣ್ಣಿನಲ್ಲಿ, ಒದ್ದೆಯಾಗಿದ್ದರೆ, ಹಲಗೆ ಇಟ್ಟರೂ ನಿಲ್ಲಿಸಬೇಡಿ. ಸಂಜೆ ಗಟ್ಟಿ ಇದ್ದ ನೆಲ ಬೆಳಗ್ಗೆ ಚಕ್ರವನ್ನೇ ನುಂಗಿರುತ್ತದೆ. ಬಂಕ್‌ಗಳಲ್ಲಿನ ಇಂಟರ್‌ಲಾಕ್ ಟೈಲ್ಸ್ ಕೂತಿರುವುದು ಮರಳಿನ ಮೇಲೆ. ಹಲಗೆ ಇಲ್ಲದೆ ಜಾಕಿ ಊರಿದರೆ ಒಂದೇ ಟೈಲ್ ಕುಸಿದು ಅವರಿಗೂ ನಷ್ಟ. ನೆಲದಡಿಯ ಟ್ಯಾಂಕ್‌ಗಳ ಮುಚ್ಚಳದ ಮೇಲೆ ಅಥವಾ ಹತ್ತಿರ ಜಾಕಿ ಊರಲೇಬೇಡಿ. ಬಂಕ್ ಆವರಣದಲ್ಲಿ ಟ್ರೇಲರ್‌ನ ಗ್ಯಾಸ್ ಒಲೆಯನ್ನಾಗಲಿ ಫ್ರಿಜ್‌ನ ಬರ್ನರನ್ನಾಗಲಿ ಹಚ್ಚುವಂತಿಲ್ಲ, ಸಿಲಿಂಡರ್ ವಾಲ್ವ್ ಮುಚ್ಚಿರಲಿ.

ಚಕ್ರಕ್ಕೆ ಲಾರಿಯವರಂತೆ ಸೈಜುಗಲ್ಲು ಕೊಡುವುದೂ ಬೇಡ. ಕಲ್ಲಿನ ಚೂಪು ಟೈರನ್ನು ಕೊಯ್ಯುತ್ತದೆ. ಬೆಳಗ್ಗೆ ಅದನ್ನು ಎತ್ತಿಡಲು ಮರೆತರೆ ಕತ್ತಲಲ್ಲಿ ಬರುವ ಬೈಕಿನವರ ಜೀವಕ್ಕೆ ಕುತ್ತು. ರಬ್ಬರ್ ಬೆಣೆ ನಾಲ್ಕು ಕೊಂಡಿಟ್ಟುಕೊಳ್ಳಿ.

ಪ್ರಶ್ನೆ: ಕೊಂಡಿ ಹೇಗೂ ಹಾಕಿಯೇ ಇರುತ್ತದಲ್ಲ, ರಾತ್ರಿ ಫ್ರಿಜ್ ಕಾರಿನ ಬ್ಯಾಟರಿಯಲ್ಲಿ ನಡೆಯಲಿ ಎಂದು ಕಾರಿಗೂ ಟ್ರೇಲರಿಗೂ ನಡುವಿನ ವಿದ್ಯುತ್ ಪ್ಲಗ್ ಹಾಕಿಯೇ ಬಿಟ್ಟಿರಬಹುದೇ? ಸೆಖೆ ಹೆಚ್ಚಾದಾಗ ಎಂಜಿನ್ ಚಾಲೂ ಇಟ್ಟರೆ?
— ಮಲ್ಲೇಶ್ವರದ ಓದುಗರು

ಉತ್ತರ: ಎರಡೂ ಬೇಡ, ಎರಡನೆಯದಂತೂ ಪ್ರಾಣಕ್ಕೇ ಅಪಾಯ. ಕೊಂಡಿ ಹಾಕಿರುವಾಗ ಕಾರಿನ ಸೈಲೆನ್ಸರ್ ಬಾಯಿ ನೇರ ಟ್ರೇಲರ್‌ನ ಮೂತಿಯ ಕಡೆಗಿರುತ್ತದೆ. ಗಾಳಿಯಾಡಲು ಬಿಟ್ಟ ಕಿಂಡಿ, ವಯರ್ ಹೋಗುವ ತೂತು, ಕಿಟಕಿಯ ಸಂದು ಯಾವುದರಿಂದಾದರೂ ಹೊಗೆ ಒಳಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಒಳಗೆ ಜನ ಮಲಗಿದ್ದಾಗ ಎಂಜಿನ್ ಆಫ್ ಆಗಿರಲೇಬೇಕು. ಪಕ್ಕದಲ್ಲಿ ಎಂಜಿನ್ ಚಾಲೂ ಇಟ್ಟ ಲಾರಿ ಇದ್ದರೆ ಜಾಗ ಬದಲಿಸಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಒಳಗೆ ಹಾಕಿಸಿಕೊಳ್ಳಿ.

ಫ್ರಿಜ್‌ನ ಲೆಕ್ಕ ಹೀಗೆ: 12 ವೋಲ್ಟ್‌ನ ಕಂಪ್ರೆಸರ್ ಫ್ರಿಜ್ 4 ಆಂಪಿಯರ್ ಎಳೆದು, ಅರ್ಧ ಹೊತ್ತು ಓಡಿದರೂ, 9 ಗಂಟೆಗೆ 18 ಆಂಪಿಯರ್ ಅವರ್ ಆಯಿತು. ಕಾರಿನ 60 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಹತ್ತಿರಹತ್ತಿರ ಮೂರನೇ ಒಂದು ಪಾಲು. ಸ್ಟಾರ್ಟ್ ಮಾಡಲೆಂದು ಇರುವ ಬ್ಯಾಟರಿ ಇಂಥ ಬಳಕೆಗೆ ತಯಾರಾದದ್ದಲ್ಲ, ಹಳತಾಗಿದ್ದರೆ ಬೆಳಗ್ಗೆ ಸೆಲ್ಫ್ ಎತ್ತುವುದಿಲ್ಲ. ಕಂಪ್ರೆಸರ್ ಇಲ್ಲದ ಫ್ರಿಜ್ 12 ವೋಲ್ಟ್‌ನಲ್ಲಿ ಇದರ ಎಷ್ಟೋ ಪಟ್ಟು ಎಳೆಯುತ್ತದೆ. ಎಂಜಿನ್ ನಿಂತೊಡನೆ ಸಂಪರ್ಕ ಕಡಿಯುವ ರಿಲೇ ಇಲ್ಲದಿದ್ದರೆ ಪ್ಲಗ್ ಕಿತ್ತು, ಅದರ ಬಾಯಿ ಮುಚ್ಚಿ, ನೆಲಕ್ಕೆ ತಾಗದಂತೆ ಮೇಲೆ ಸಿಕ್ಕಿಸಿ. ಸುರಕ್ಷತಾ ಸರಪಳಿಗಳನ್ನು ಮಾತ್ರ ಬಿಚ್ಚಬೇಡಿ.

ಪ್ರಶ್ನೆ: ಹಿಂದಿನ ಒಂದು ಜಾಕಿಯ ಕಾಲನ್ನು ನೆಲದಿಂದ ಮೇಲೆತ್ತಲು ಮರೆತು ಹೊರಟುಬಿಟ್ಟೆವು. ಮೊದಲ ಹಂಪ್‌ಗೇ ಬಾಗಿತು. ಹೀಗಾಗದಂತೆ ಉಪಾಯ ಇದೆಯೇ?
— ಯಲಹಂಕದ ಓದುಗರು

ಉತ್ತರ: ಕೊಂಡಿ ಬಿಚ್ಚದೆ ಮಲಗಿದವರಿಗೆ ಇದೇ ದೊಡ್ಡ ಗಂಡಾಂತರ. ಕೊಂಡಿ ಹಾಕುವ ಕೆಲಸವೇ ಇಲ್ಲದ್ದರಿಂದ ಸೀದಾ ಹೋಗಿ ಸ್ಟಿಯರಿಂಗ್ ಮುಂದೆ ಕೂತುಬಿಡುತ್ತೇವೆ. ಜಾಕಿ ತಿರುಗಿಸುವ ಹ್ಯಾಂಡಲ್‌ಗೆ ಕಾರಿನ ಕೀಯನ್ನೇ ಕಟ್ಟಿಡಿ. ಹ್ಯಾಂಡಲ್ ಮುಟ್ಟದೆ ಕಾರು ಚಾಲೂ ಆಗದು.

ಬೆಳಗಿನ ಕ್ರಮ ರಾತ್ರಿಯದರ ತಿರುವು ಮುರುವು. ಮೊದಲು ಬಾಲದ ಜಾಕಿಗಳು, ಆಮೇಲೆ ಮೂತಿಯದು. ಮೂತಿಯ ಜಾಕಿ ಸಡಿಲಿಸುವ ಮುನ್ನ ಕಪ್ಲರ್ ಲಾಕ್ ಆಗಿರುವುದನ್ನು ಕೈಯಿಟ್ಟು ನೋಡಿ. ಜಾಕಿಯ ಕಾಲನ್ನು ಪೂರ್ತಿ ಮೇಲಕ್ಕೆ ಎಳೆದು ಪಿನ್ ಹಾಕಿ. ಪ್ಲಗ್ ಸಿಕ್ಕಿಸಿ, ಬ್ರೇಕ್ ಲೈಟ್, ಇಂಡಿಕೇಟರ್ ಇನ್ನೊಬ್ಬರಿಂದ ನೋಡಿಸಿ. ಕಾರಿನ ಬ್ರೇಕ್ ಹಿಡಿದಿರುವಾಗಲೇ ಟ್ರೇಲರ್‌ನ ಹ್ಯಾಂಡ್‌ಬ್ರೇಕ್ ಇಳಿಸಿ. ಬೆಣೆ ತೆಗೆಯುವುದು ಕೊನೆಗೆ. ಟೈರು ಬೆಣೆಯ ಮೇಲೆ ಕೂತು ಬಿಡಿಸಲು ಬಾರದಿದ್ದರೆ ಸುತ್ತಿಗೆಯಿಂದ ಹೊಡೆಯಬೇಡಿ, ಕಾರನ್ನು ಎದುರು ದಿಕ್ಕಿಗೆ ಒಂದಿಷ್ಟು ಸರಿಸಿದರೆ ತಾನೇ ಸಡಿಲವಾಗುತ್ತದೆ.

ಬಾಗಿದ ಜಾಕಿಯನ್ನು ಬಡಿದು ನೆಟ್ಟಗೆ ಮಾಡಿಸಬೇಡಿ, ತಿರುಪಿನ ದಂಡ ಒಮ್ಮೆ ಡೊಂಕಾದರೆ ಮುಂದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹೊಸದು ಹಾಕಿಸಿ. ಹಳೆಯದು ಕೂತಿದ್ದ ಜಾಗದಲ್ಲಿ ಚಾಸಿಯ ವೆಲ್ಡಿಂಗ್ ಬಿರುಕು ಬಿಟ್ಟಿದೆಯೇ ಎಂದು ತಂತಿ ಬ್ರಷ್‌ನಿಂದ ಉಜ್ಜಿ ನೋಡಿಸಿ.

ಪ್ರಶ್ನೆ: ಯಾವಾಗ ಕೊಂಡಿ ಬಿಚ್ಚಲೇಬೇಕು? ಹೆದ್ದಾರಿ ಬದಿಯಲ್ಲಿ ಮಲಗಬಹುದೇ?
— ಹೆಬ್ಬಾಳದ ಓದುಗರು

ಉತ್ತರ: ಎರಡು ರಾತ್ರಿಗೆ ಮೇಲ್ಪಟ್ಟು ಉಳಿಯುವುದಾದರೆ, ಕಾರನ್ನು ಬೇರೆ ಕಡೆ ಒಯ್ಯಬೇಕಾದರೆ, ಅಥವಾ ಹಿಂದುಮುಂದಿನ ಓರೆ ಹಲಗೆಯಿಂದ ಸರಿಹೋಗದಷ್ಟಿದ್ದರೆ ಬಿಚ್ಚಿ. ಇಳಿಜಾರಾದರೆ ಬಿಚ್ಚುವುದಕ್ಕಿಂತ ಬೇರೆ ಜಾಗ ಹುಡುಕುವುದೇ ಮೇಲು. ಮಳೆಗಾಲದಲ್ಲಿ ಸಕಲೇಶಪುರ ದಾಟಿ ಘಾಟಿಯೊಳಗೆ ನಿಲ್ಲಿಸುವ ಯೋಚನೆಯನ್ನೇ ಬಿಡಿ. ಘಾಟಿ ಶುರುವಾಗುವ ಮುನ್ನವೇ ಮಲಗಿ.

ಹೆದ್ದಾರಿಯ ಅಂಚಿನಲ್ಲಿ ಮಲಗಬೇಡಿ. ವಾಹನವನ್ನಾಗಲಿ ಟ್ರೇಲರನ್ನಾಗಲಿ ಇತರರಿಗೆ ಅಪಾಯವೋ ಅಡ್ಡಿಯೋ ಆಗುವಂತೆ ಸಾರ್ವಜನಿಕ ಸ್ಥಳದಲ್ಲಿ ನಿಲ್ಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಂ ನಿಷೇಧಿಸುತ್ತದೆ. ಕಾನೂನು ಹಾಗಿರಲಿ, ಪಕ್ಕದಲ್ಲೇ ಲಾರಿ ನುಗ್ಗಿದಾಗ ಅದರ ಗಾಳಿಯ ಹೊಡೆತಕ್ಕೆ ಟ್ರೇಲರ್ ಇಡಿಯಾಗಿ ನಡುಗುತ್ತದೆ. ಆ ನಡುಕವನ್ನು ಯಾವ ಜಾಕಿಯೂ ತಡೆಯಲಾರದು. ಲಾರಿಗಳಿಗೆಂದು ಬಿಟ್ಟ ತಂಗುದಾಣ, ಡಾಬಾದ ಒಳ ಅಂಗಳ, ಬಂಕ್‌ನ ಹಿಂಬದಿ, ಎಲ್ಲಾದರೂ ಒಪ್ಪಿಗೆ ಕೇಳಿ ರಸ್ತೆಯಿಂದ ದೂರ ನಿಲ್ಲಿಸಿ. ಕಾರಿನ ಮುಖ ಹೊರದಾರಿಯ ಕಡೆಗಿರಲಿ.